ಕ್ಯಾಮೆರಾ ಚೀಲಕ್ಕೊಂದು ಪಟ್ಟಿ

ಗಂಡನ ಬಲಭುಜ ಎಡಭುಜಕ್ಕಿಂತ ಒಂದು ಬೆರಳಿನಷ್ಟು ಕೆಳಗಿದೆ ಎಂಬುದು ಡಾಕ್ಟರು ಹೇಳುವುದಕ್ಕೆ ಹದಿನೈದು ವರ್ಷ ಮೊದಲೇ ಹೆಂಡತಿಗೆ ಗೊತ್ತಿತ್ತು. ಅವನ ಅಂಗಿಗಳನ್ನು ಹೊಲಿಯುತ್ತಿದ್ದವಳು ಅವಳೇ. ಬಲಗಡೆಯ ಭುಜಕ್ಕೆ ಒಳಗಿನಿಂದ ಎರಡು ಪದರ ಬಟ್ಟೆ ಕೊಟ್ಟು, ಕನ್ನಡಿಯ ಮುಂದೆ ನಿಂತಾಗ ಎರಡೂ ಸಮ ಕಾಣುವ ಹಾಗೆ ಮಾಡಿಬಿಡುತ್ತಿದ್ದಳು. ಅವನು ಪತ್ರಿಕೆಯೊಂದರ ಫೋಟೋಗ್ರಾಫರ್. ಇಡೀ ಊರಿನಲ್ಲಿ ಯಾರ ಮುಖದ ಮೇಲೆ ಬೆಳಕು ಹೇಗೆ ಬಿದ್ದಿದೆ ಎಂದು ದೂರದಿಂದಲೇ ಹೇಳಬಲ್ಲ ಆ ಗಂಡಸಿಗೆ ತನ್ನ ಅಂಗಿಯ ಒಳಗೆ ಏನಿದೆ ಎಂದು ನೋಡುವ ಪುರಸೊತ್ತು ಮಾತ್ರ ಯಾವತ್ತೂ ಸಿಕ್ಕಿರಲಿಲ್ಲ.

ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು, ಕುತ್ತಿಗೆಯ ಮೂಳೆ ಸವೆದಿದೆ ಎಂದರು. ಬೆಳಿಗ್ಗೆ ಏಳುವಾಗ ಬಲಗೈಯ ಎರಡು ಬೆರಳು ಜೋಮು ಹಿಡಿಯುವುದೂ ಅದರಿಂದಲೇ ಅಂತೆ. ಕ್ಯಾಮೆರಾ ಎಷ್ಟು ತೂಕ ಎಂದು ಕೇಳಿದಾಗ ಅವನು ಮಗನ ಅಂಕ ಹೇಳುವ ಅಪ್ಪನ ಹಾಗೆ ಹೆಮ್ಮೆಯಿಂದ ಹೇಳಿದ. ಆಫೀಸಿನ ದೊಡ್ಡ ಕ್ಯಾಮೆರಾ ಅದು, ಅದರ ಮೂತಿಗೆ ಗೇಣುದ್ದದ ಲೆನ್ಸು. ಎರಡೂ ಸೇರಿದರೆ ಆಗತಾನೆ ಹುಟ್ಟಿದ ಕೂಸಿನಷ್ಟು ಭಾರ. ಆ ಕೂಸು ಇಪ್ಪತ್ತಾರು ವರ್ಷದಿಂದ ಅವನ ಕೊರಳಿಗೆ ಜೋತುಬಿದ್ದಿತ್ತು.

"ಇನ್ಮೇಲೂ ಕೊರಳಿಗೆ ನೇತು ಹಾಕ್ಕೊಂಡ್ರೆ ಕೈಯೇ ನಿಮ್ಮ ಮಾತು ಕೇಳಲ್ಲ. ಭಾರ ಸೊಂಟದ ಕಡೆ ಬರೋ ಹಾಗೆ ಏನಾದ್ರೂ ಮಾಡ್ಕೊಳ್ಳಿ," ಎಂದರು ಡಾಕ್ಟರು.

ಹಾಗೆ ಅವರಿಬ್ಬರೂ ಒಂದು ಮಧ್ಯಾಹ್ನ ಬ್ಯಾಗಿನ ಅಂಗಡಿಗೆ ಹೋದದ್ದು. ಅವಳಿಗೆ ಅಲ್ಲಿ ಏನೂ ಕೆಲಸವಿರಲಿಲ್ಲ. ದಾರ ತರಲು ಅದೇ ಬೀದಿಗೆ ಹೊರಟವಳು, ಜೊತೆಗೆ ಹೋದಳು ಅಷ್ಟೇ. ಅಂಗಡಿ ಉದ್ದಕ್ಕೆ, ಇಕ್ಕಟ್ಟಾಗಿ, ಮೇಲಿನಿಂದ ಕೆಳಗಿನವರೆಗೂ ಚೀಲಗಳನ್ನು ನೇತುಹಾಕಿಕೊಂಡಿತ್ತು. ಅಂಗಡಿಯವರು ಕನ್ನಡಕವನ್ನು ಹಣೆಗೇರಿಸಿ, ಕ್ಯಾಮೆರಾವನ್ನು ಒಮ್ಮೆ ನೋಡಿ, ಅಟ್ಟಣಿಗೆಯಿಂದ ಮೂರು ಚೀಲ ಇಳಿಸಿದರು. ಮೇಲೆ ಅಗಲ, ಕೆಳಗೆ ಹೋಗುತ್ತಾ ಕಿರಿದು. ಕ್ಯಾಮೆರಾದ ಮೂತಿ ಕೆಳಗೆ ಮಾಡಿ ಸೀದಾ ಇಳಿಸಿಬಿಡುವುದು.

"ಹೋಲ್‌ಸ್ಟರ್ ಅಂತಾರೆ ಸರ್ ಇದಕ್ಕೆ. ಪೊಲೀಸ್‌ನೋರು ಪಿಸ್ತೂಲು ಇಟ್ಕೊಳ್ತಾರಲ್ಲ, ಅದರ ಅಣ್ಣ," ಎಂದರು ಅಂಗಡಿಯವರು. "ಕೈ ಹಾಕಿದ ತಕ್ಷಣ ಹಿಡಿ ಸಿಗಬೇಕು, ಎಳೆದ ತಕ್ಷಣ ಕಣ್ಣಿಗೆ ಬರಬೇಕು."

ಗಂಡ ಮೊದಲನೆಯದನ್ನು ಸೊಂಟಕ್ಕೆ ಇಳಿಬಿಟ್ಟು ನೋಡಿದ. ಮುಚ್ಚಳ ಮೈ ಕಡೆಗೇ ತೆರೆದುಕೊಳ್ಳುತ್ತಿತ್ತು. ಕ್ಯಾಮೆರಾ ಎಳೆದಾಗಲೆಲ್ಲ ಅದು ಮೊಣಕೈಗೆ ಅಡ್ಡ ಬಂತು. ಎರಡನೆಯದಕ್ಕೆ ಸುತ್ತಲೂ ಜಿಪ್ಪು. ನೋಡಲು ಏನೋ ಚೆಂದ, ಆದರೆ ಜಿಪ್ಪು ಬಿಚ್ಚಿ ಕ್ಯಾಮೆರಾ ತೆಗೆಯುವ ಹೊತ್ತಿಗೆ ಮಂತ್ರಿಗಳು ಭಾಷಣ ಮುಗಿಸಿ ಮನೆ ಸೇರಿ ಊಟಕ್ಕೆ ಕೂತಿರುತ್ತಾರೆ ಎಂದ ಅವನು. ಅಂಗಡಿಯವರು ನಕ್ಕರು. ಮೂರನೆಯದರ ಮುಚ್ಚಳ ಹೊರಗಡೆಗೆ ತೆರೆದುಕೊಂಡಿತು, ಒಂದೇ ಕೈ ಸಾಕು. ಒಳಗೆ ದಪ್ಪ ಮೆತ್ತೆ, ತಳದಲ್ಲಿ ಇನ್ನೂ ದಪ್ಪ. ಲೆನ್ಸಿನ ತುದಿಗೆ ಬಿಸಿಲು ಬೀಳದಂತೆ ಹಾಕುವ ಹುಡ್ ತೆಗೆಯದೆಯೇ ಕ್ಯಾಮೆರಾ ಇಳಿಯಿತು. ಅವನು ನಾಲ್ಕು ಸಲ ಇಳಿಸಿ, ನಾಲ್ಕು ಸಲ ಎಳೆದು, ಅಂಗಡಿಯವರ ಮುಖಕ್ಕೇ ಗುರಿ ಹಿಡಿದ.

"ಇದೇ," ಎಂದ.

ಅಷ್ಟರಲ್ಲಿ ಹೆಂಡತಿ ಚೀಲದ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಮಗುಚಿ ನೋಡುತ್ತಿದ್ದಳು. ಅವಳಿಗೆ ಯಾವ ಬಟ್ಟೆ ಕೊಟ್ಟರೂ ಮೊದಲು ಒಳಮೈ ನೋಡುವ ಚಾಳಿ.

"ಚೀಲ ಚೆನ್ನಾಗಿದೆ. ಪಟ್ಟಿ ಸರಿಯಿಲ್ಲ," ಎಂದಳು. "ಕೊಕ್ಕೆ ಹತ್ತಿರ ನೋಡಿ, ಒಂದೇ ಸಾಲು ಹೊಲಿಗೆ. ಅದೂ ಅಂಗಿ ಹೊಲಿಯೋ ದಾರ."

ಅಂಗಡಿಯವರ ಮುಖ ಸ್ವಲ್ಪ ಹುಳ್ಳಗಾಯಿತು. ಬೇರೆ ಪಟ್ಟಿಗಳನ್ನು ತಂದು ಹಾಕಿದರು. ಒಂದು ಅಗಲವಾಗಿತ್ತು, ಆದರೆ ನುಣುಪು. ಅವನ ಇಳಿಜಾರು ಭುಜದ ಮೇಲೆ ಎರಡು ಹೆಜ್ಜೆಗೂ ನಿಲ್ಲಲಿಲ್ಲ. ಇನ್ನೊಂದು ಚರ್ಮದ್ದು, ಮಡಿಸಿದರೆ ಮಡಿಯದಷ್ಟು ಬಿರುಸು. ಮತ್ತೊಂದು ಸಂತೆಚೀಲದ ಹಿಡಿಯಷ್ಟೇ ಸಪೂರ. ಎಲ್ಲವನ್ನೂ ಅವಳು ಒಂದೊಂದಾಗಿ ಮಗುಚಿ ಹಾಕಿದಳು. ಕೊನೆಗೆ ಅಂಗಡಿಯವರೇ ಕನ್ನಡಕ ಇಳಿಸಿ ಅವಳನ್ನು ಸರಿಯಾಗಿ ನೋಡಿದರು.

"ನೀವು ಹೊಲಿಗೆಯವರಾ ಅಮ್ಮ?"

ಅವಳು ಬಾಯಿ ತೆರೆಯುವ ಮೊದಲೇ ಗಂಡ ಹೇಳಿದ, "ಮನೇಲಿ ಏನೋ ಚಿಕ್ಕಪುಟ್ಟದ್ದು ಹೊಲೀತಾಳೆ."

ಚಿಕ್ಕಪುಟ್ಟದ್ದು ಎಂದರೆ ಇಪ್ಪತ್ತೆರಡು ವರ್ಷದಿಂದ ಓಣಿಯವರ ಪ್ಯಾಂಟಿನ ಅಂಚು, ಕೋಟಿನ ಜಿಪ್ಪು, ಪರದೆಯ ಮಡಿಕೆ, ದಿಂಬಿನ ಗವಸು. ಕಿತ್ತುಹೋದದ್ದು, ಉದ್ದವಾದದ್ದು, ಬಿಗಿಯಾದದ್ದು, ಎಲ್ಲ ಅವಳ ಮುಂದಿನ ಕೋಣೆಗೆ ಬರುತ್ತಿತ್ತು. ಹೊಸದೊಂದನ್ನು ನೀನೇ ಮಾಡಿಕೊಡು ಎಂದು ಮಾತ್ರ ಹೊರಗಿನವರು ಯಾರೂ ಕೇಳಿರಲಿಲ್ಲ. ಆ ನೋವನ್ನು ಅವಳು ಯಾರ ಮುಂದೆಯೂ ಆಡಿದವಳಲ್ಲ.

"ಪಟ್ಟಿ ನಾನೇ ಹೊಲೀತೀನಿ. ದಪ್ಪ ನೇಯ್ಗೆಯ ಪಟ್ಟಿಬಟ್ಟೆ ಇದ್ರೆ ಮೂರು ಮೊಳ ಕೊಡಿ, ಒಳ್ಳೇ ಕಬ್ಬಿಣದ ಕೊಕ್ಕೆ ಎರಡು, ಮೂರು ಕಡ್ಡಿಯ ಬಕಲ್ ಒಂದು," ಎಂದಳು ಅಂಗಡಿಯವರಿಗೆ.

ಗಂಡ ಅವಳನ್ನು ನೋಡಿದ. ನಾಳೆಯಿಂದ ಫೋಟೋ ಕೂಡ ನಾನೇ ತೆಗೆಯುತ್ತೇನೆ ಎಂದಿದ್ದರೂ ಹೀಗೇ ನೋಡುತ್ತಿದ್ದನೋ ಏನೋ. ಆದರೆ ಅಂಗಡಿಯಲ್ಲಿದ್ದ ಯಾವ ಪಟ್ಟಿಯೂ ಅವನ ಭುಜದ ಮೇಲೆ ನಿಂತಿರಲಿಲ್ಲ. ಆದದ್ದಾಗಲಿ ಎಂದು ಒಪ್ಪಿಕೊಂಡ.

ಆ ಪಟ್ಟಿ ಅವಳ ನಾಲ್ಕು ಬೆಳಗುಗಳನ್ನು ತಿಂದುಹಾಕಿತು. ಪಟ್ಟಿಬಟ್ಟೆಯನ್ನು ಮಡಿಸಿ ಮೂರು ಪದರ ಮಾಡಿದ ಜಾಗದಲ್ಲಿ ಮಷೀನಿನ ಸೂಜಿ ಎರಡು ಸಲ ಪಟಕ್ಕೆಂದು ಮುರಿಯಿತು. ಮಷೀನನ್ನು ಬಿಟ್ಟು, ದಬ್ಬಳದಿಂದ ತೂತು ಕೊರೆದು, ಮೇಣ ಸವರಿದ ದಪ್ಪ ದಾರದಿಂದ ಕೈಯಲ್ಲೇ ಹೊಲಿದಳು. ಮೊದಲು ಒಂದು ಚೌಕ, ಚೌಕದೊಳಗೆ ಮೂಲೆಯಿಂದ ಮೂಲೆಗೆ ಎರಡು ಅಡ್ಡಗೆರೆ, ಮತ್ತೆ ಅದೇ ದಾರಿಯಲ್ಲಿ ವಾಪಸು. ಭುಜದ ಮೇಲೆ ಕೂರುವ ಕಡೆ ಹಳೆಯ ಕಂಬಳಿಯ ತುಂಡನ್ನು ಒಳಗಿಟ್ಟು, ಅವನ ಇಳಿಭುಜಕ್ಕೆ ಸರಿಯಾಗಿ ಒಂದು ಅಂಚನ್ನು ದಪ್ಪ ಮಾಡಿದಳು. ಆಮೇಲೆ ಚೀಲದೊಳಗೆ ಎರಡು ಇಟ್ಟಿಗೆ ಇಟ್ಟು, ಹಿತ್ತಿಲ ಬಾಗಿಲ ಸರಳಿಗೆ ಎರಡು ದಿನ ನೇತುಹಾಕಿದಳು. ಬರುವಾಗ ಹೋಗುವಾಗ ಜಗ್ಗಿ ನೋಡಿದಳು. ಒಂದು ಎಳೆಯೂ ಮಿಸುಕಲಿಲ್ಲ.

ಗಂಡನ ಹೆಗಲಿಗೆ ಹಾಕಿ ಉದ್ದ ಸರಿ ಮಾಡುವಾಗ ಬಕಲನ್ನು ತೋರಿಸಿ ಹೇಳಿದಳು:

"ಇಲ್ನೋಡ್ರೀ. ಉದ್ದ ಗಿಡ್ಡ ಮಾಡ್ಕೊಂಡಾಗ ಪಟ್ಟಿಯ ಬಾಲವನ್ನ ನಡುಕಡ್ಡಿ ಮೇಲೆ ಒಂದು ಸುತ್ತು ತಂದು ಬಿಟ್ಬಿಡಬೇಡಿ. ಮರಳಿ ಇನ್ನೊಂದು ಸಲ ತೂರಿಸಿ. ಒಂದೇ ಸುತ್ತಾದ್ರೆ ನಿಂತಾಗ ನಿಲ್ಲತ್ತೆ, ಓಡಿದಾಗ ಜಾರತ್ತೆ."

"ನೀನು ಈಗ ನನಗೆ ಪಟ್ಟಿ ಕಟ್ಟೋದು ಕಲಿಸ್ತೀಯಾ," ಎಂದ ಅವನು. ಬೇಜಾರಿನಿಂದಲ್ಲ, ತಮಾಷೆಗೇ ಹೇಳಿದ್ದು. ಅವಳೂ ನಕ್ಕಳು.

ವಾರ ಕಳೆಯುವಷ್ಟರಲ್ಲಿ ಅವನ ಬೆರಳಿನ ಜೋಮು ಕಡಿಮೆಯಾಯಿತು. ಎರಡನೆಯ ವಾರ ಅವನು ಮನೆಗೆ ಬಂದವನೇ ಶೂ ಬಿಚ್ಚುತ್ತಾ, "ನಮ್ಮ ಮುಖ್ಯಸ್ಥರು ನಿನ್ನ ಪಟ್ಟಿ ಹಾಕ್ಕೊಂಡು ಆಫೀಸೆಲ್ಲ ಸುತ್ತಿದ್ರು. ತಮಗೂ ಒಂದು ಬೇಕಂತೆ," ಎಂದ. ಮುಖ್ಯಸ್ಥರು ಎಂದರೆ ಫೋಟೋ ವಿಭಾಗದ ಹಿರಿಯರು. ಅಷ್ಟು ಸುಲಭವಾಗಿ ಯಾರ ಬೆನ್ನೂ ತಟ್ಟಿದವರಲ್ಲ. ಅವರು ಕೇಳಿದ ಮೇಲೆ ಉಳಿದವರು ಸುಮ್ಮನಿರುತ್ತಾರೆಯೇ? ಒಟ್ಟು ಎಂಟು ಪಟ್ಟಿ. ಇವು ಚೆನ್ನಾಗಿ ಬಂದರೆ ಬೇರೆ ಊರಿನ ಆಫೀಸುಗಳಿಗೂ ಅವಳ ಕೈಯಿಂದಲೇ ಮಾಡಿಸೋಣ ಎಂದು ಮುಖ್ಯಸ್ಥರು ಎಲ್ಲರ ಮುಂದೆ ಹೇಳಿದರಂತೆ.

ಅಳತೆ ಕೊಡಲು ಮೊದಲು ಬಂದವಳು ಗುಬ್ಬಚ್ಚಿ. ಆಫೀಸಿನ ಅತಿ ಚಿಕ್ಕ ಫೋಟೋಗ್ರಾಫರ್, ವಯಸ್ಸಿನಲ್ಲೂ ಆಳ್ತನದಲ್ಲೂ. ಅವಳು ಕ್ಯಾಮೆರಾ ಹಿಡಿದರೆ ಕ್ಯಾಮೆರಾವೇ ನಡೆದುಬರುತ್ತಿದೆ ಅನ್ನಿಸುತ್ತದೆ ಎಂದು ಸಹೋದ್ಯೋಗಿಗಳು ಇಟ್ಟ ಹೆಸರು.

"ಅಕ್ಕ, ಅಂಗಡಿ ಪಟ್ಟಿಯೆಲ್ಲ ಗಂಡಸರ ಅಳತೆಗೇ ಮಾಡಿರ್ತಾರೆ. ನಾನು ಗಂಟು ಹಾಕ್ಕೊಂಡು ಓಡಾಡ್ತೀನಿ, ಗಂಟು ಕತ್ತಿಗೆ ಒತ್ತತ್ತೆ," ಎಂದು ಕಾಲರು ಸರಿಸಿ ಕೆಂಪಗಾದ ಗುರುತು ತೋರಿಸಿದಳು.

ಹೆಂಡತಿ ಟೇಪು ಹಿಡಿದು ಅವಳ ಭುಜದಿಂದ ಸೊಂಟದವರೆಗೆ ಅಳೆದಳು. ಹಳೆಯ ನೋಟುಪುಸ್ತಕದಲ್ಲಿ ಹೊಸ ಪುಟ ತೆಗೆದು ಬರೆದುಕೊಂಡಳು. ಆ ದಿನಗಳಲ್ಲಿ ಅವಳ ನಡೆಯೇ ಬೇರೆಯಾಗಿತ್ತು. ಮುಂದಿನ ಕೋಣೆಯಲ್ಲಿ ಮಷೀನನ್ನು ಗೋಡೆಯ ಮೂಲೆಯಿಂದ ಎಳೆದು ಕಿಟಕಿಯ ಮುಂದೆ ಹಾಕಿಕೊಂಡಳು. ಪ್ಯಾಂಟಿನ ಅಂಚು ಮಡಿಸಲು ತಂದ ಪಕ್ಕದ ಮನೆಯಾಕೆಗೆ, "ಹತ್ತು ದಿನ ಬಿಟ್ಟು ಕೊಡ್ತೀನಿ, ಪತ್ರಿಕೆಯವರ ಕೆಲಸ ಇದೆ," ಎಂದಳು. ಹಾಗೆ ಹೇಳುವಾಗ ಸಿಕ್ಕ ಸುಖವನ್ನು ಅವಳು ಮುಚ್ಚಿಡಲೂ ಇಲ್ಲ. ಐವತ್ತರ ಹತ್ತಿರ ಬಂದ ಮೇಲೆ, ಇಂಥವಳ ಕೆಲಸ ಎಂದು ನಾಲ್ಕು ಜನ ಕೇಳಿಕೊಂಡು ಬರುವ ಕಾಲ ತನಗೂ ಬಂತು ಎಂದುಕೊಂಡಳು. ಎಂಟರಲ್ಲಿ ಐದು ಪಟ್ಟಿ ಮುಗಿದು ಕಪಾಟಿನ ಬಾಗಿಲಿಗೆ ಸಾಲಾಗಿ ತೂಗುತ್ತಿದ್ದವು.

ಅವನು ಕ್ಯಾಮೆರಾ ಬೀಳಿಸಿದ್ದು ಆ ವಾರವೇ.

ಚಳಿಯ ಬೆಳಿಗ್ಗೆ, ಆಟದ ಮೈದಾನದಲ್ಲಿ ಪಂದ್ಯ. ಅವನು ದಪ್ಪ ಕೋಟು ತೊಟ್ಟಿದ್ದ. ಕೋಟಿನ ಮೇಲೆ ಪಟ್ಟಿ ಬಿಗಿಯಾಗಿ, ಚೀಲ ಪಕ್ಕೆಗೆ ಏರಿ ಕೂತಿತು. ಆಫೀಸಿನ ಕಾರಿನಲ್ಲಿ ಕೂತೇ ಬಕಲಿನಿಂದ ಪಟ್ಟಿಯನ್ನು ಪೂರ್ತಿ ಎಳೆದು, ಒಂದು ಗೇಣು ಉದ್ದ ಬಿಟ್ಟು, ಮತ್ತೆ ಹಾಕಿಕೊಂಡ. ಕೈಗೆ ಗ್ಲೌಸು, ಹೊರಗೆ ಆಗಲೇ ಆಟಗಾರರು ಇಳಿಯುತ್ತಿದ್ದ ಗದ್ದಲ. ಒಂದು ಸುತ್ತು ಹಾಕಿದ, ಜಗ್ಗಿದ, ನಿಂತಿತು. ಪ್ರೇಕ್ಷಕರ ಮೇಲಂತಸ್ತಿನಿಂದ ಫೋಟೋ ಚೆನ್ನಾಗಿ ಬರುತ್ತದೆಂದು ಮೆಟ್ಟಿಲುಗಳನ್ನು ಓಡುತ್ತಾ ಹತ್ತಿದ. ಮೇಲಿನ ಕಟಾಂಜನದ ಹತ್ತಿರ ಬಾಗಿದ್ದೇ ತಡ, ಹೆಗಲ ಮೇಲಿನ ಭಾರ ಇದ್ದಕ್ಕಿದ್ದಂತೆ ಇಲ್ಲವಾಯಿತು. ಮುಚ್ಚಳ ಮೊದಲೇ ತೆರೆದಿಟ್ಟಿದ್ದರಿಂದ ಚೀಲ ಒಂದು ಕಡೆ, ಕ್ಯಾಮೆರಾ ಒಂದು ಕಡೆ. ಎರಡಂತಸ್ತು ಕೆಳಗೆ, ಕಾಂಕ್ರೀಟಿನ ಮೇಲೆ. ಅದೃಷ್ಟಕ್ಕೆ ಕೆಳಗೆ ಯಾರೂ ಇರಲಿಲ್ಲ. ಲೆನ್ಸು ನಡುವಿಗೆ ಎರಡು ಹೋಳಾಗಿತ್ತು.

ಮಧ್ಯಾಹ್ನ ಹನ್ನೆರಡಕ್ಕೆಲ್ಲ ಅವನು ಮನೆಗೆ ಬಂದ. ಅವನು ಆ ಹೊತ್ತಿಗೆ ಬರುವವನಲ್ಲ. ಚೀಲವನ್ನೂ ಪಟ್ಟಿಯನ್ನೂ ಅವಳ ಹೊಲಿಗೆಯ ಮೇಜಿನ ಮೇಲಿಟ್ಟು, ಕುರ್ಚಿಯಲ್ಲಿ ಕುಸಿದು ಕೂತ. ಕ್ಯಾಮೆರಾ ಬಿತ್ತು ಎಂದಷ್ಟೇ ಹೇಳಿದ. ಅವಳು ಮೊದಲು ಅವನ ಕೈಕಾಲು ನೋಡಿದಳು. ಪೆಟ್ಟಿರಲಿಲ್ಲ. ಆಮೇಲೆ ಪಟ್ಟಿಯನ್ನು ಎತ್ತಿಕೊಂಡಳು. ಎರಡು ಕೊಕ್ಕೆಯ ಹತ್ತಿರವೂ ಚೌಕ, ಚೌಕದೊಳಗಿನ ಗೆರೆ, ಎಲ್ಲ ಹಾಗೇ ಇದ್ದವು. ಬಕಲು ಮಾತ್ರ ಖಾಲಿ. ಪಟ್ಟಿಯ ಬಾಲದ ಮೇಲೆ, ಬಕಲಿನ ಕಡ್ಡಿ ಕೆರೆದುಕೊಂಡು ಜಾರಿದ ಒಂದೇ ಒಂದು ಗುರುತು.

"ಎರಡನೇ ಸುತ್ತು ಹಾಕಿರಲಿಲ್ವಾ?"

ಅವನು ಬಾಗಿ ಶೂ ಬಿಚ್ಚತೊಡಗಿದ. "ಆಫೀಸಲ್ಲಿ ಹೇಗಾಯ್ತು ಅಂತ ಕೇಳಿದ್ರು. ಹೊಲಿಗೆ ಬಿಟ್ಕೊಂಡ್ತು ಅಂತ ಹೇಳಿದೀನಿ," ಎಂದ.

ಹೊರಗೆ ಯಾರೋ ಸೈಕಲ್ ಬೆಲ್ಲು ಹೊಡೆಯುತ್ತಾ ಹೋದರು. ಅವಳಿಗೆ ಆ ಮಾತು ಅರ್ಥವಾಗಿತ್ತು, ಆದರೂ ಅರ್ಥವಾಗದವಳಂತೆ ನಿಂತಳು.

"ಯಾವ ಹೊಲಿಗೆ?"

"ನಾಳೆ ಪಟ್ಟಿ ತಂದು ತೋರಿಸು ಅಂದಿದಾರೆ," ಎಂದ ಅವನು, ನೆಲ ನೋಡುತ್ತಾ. "ಕೈತಪ್ಪಿ ಬೀಳಿಸಿದ್ದು ಅಂತಾದ್ರೆ ಕ್ಯಾಮೆರಾ ವಾಪಸ್ ತಗೋತಾರೆ. ಹೋದ ವರ್ಷ ನಮ್ಮಲ್ಲೇ ಒಬ್ಬ ದಪ್ಪಗಿದ್ದ ಫೋಟೋಗ್ರಾಫರ್‌ಗೆ ಹಾಗೇ ಮಾಡಿದ್ರು. ನೆಲಮಾಳಿಗೆಯಲ್ಲಿ ಕೂತು ಹಳೇ ಫೋಟೋ ಹಿಂದೆ ತಾರೀಕು ಬರೀತಿದಾನೆ ಇವತ್ತಿಗೂ. ಪಟ್ಟಿ ಕಿತ್ತುಹೋಯ್ತು ಅಂದ್ರೆ ಅದು ಬೇರೆ. ಮುಖ್ಯಸ್ಥರೇ ಹೊಗಳಿದ ಪಟ್ಟಿ. ಅವರು ನನ್ನನ್ನ ಏನೂ ಅನ್ನೋ ಹಾಗಿಲ್ಲ."

"ಪಟ್ಟಿ ಕಿತ್ತುಹೋಗಿಲ್ವಲ್ಲ."

"ಎಲ್ಲೋ ಒಂದು ಕಡೆ ಸಡಿಲ ಆಗಿರತ್ತೆ, ಸರಿಯಾಗಿ ನೋಡು. ಅದನ್ನೇ ಸ್ವಲ್ಪ ಕಾಣೋ ಹಾಗೆ ಮಾಡು, ಅಷ್ಟೇ."

ಅವಳು ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಕಣ್ಣಮುಂದೆಯೇ ಬಲವಾಗಿ ಜಗ್ಗಿದಳು. ಒಂದು ಸಲ, ಎರಡು ಸಲ. ಎಲ್ಲಿಯೂ ಸಡಿಲವಿರಲಿಲ್ಲ. ಅವನು ಮುಖ ತಿರುಗಿಸಿದ.

"ನನ್ನ ಹೆಸರು ಕೆಡಿಸಿ ಬಂದಿದೀರಿ. ಕಪಾಟಿಗೆ ಐದು ಪಟ್ಟಿ ನೇತಾಡ್ತಿದಾವೆ, ಅದು ಕಾಣಿಸ್ತಿದೆಯಾ ನಿಮಗೆ," ಎಂದಳು.

"ನಿನಗೇನು, ಎಂಟು ಪಟ್ಟಿ. ಹೋದ್ರೆ ಇನ್ನೊಂದು ಹೊಲೀತೀಯ," ಎಂದ ಅವನು. ಬೈದು ಹೇಳಿದ್ದಲ್ಲ, ಬೇಡಿಕೊಂಡು ಹೇಳಿದ್ದು, ಅದೇ ಅವಳಿಗೆ ಹೆಚ್ಚು ಚುಚ್ಚಿತು. "ನನ್ನದು ಇಪ್ಪತ್ತಾರು ವರ್ಷ. ಕ್ಯಾಮೆರಾ ಇಲ್ದೆ ನಾನು ಆ ಆಫೀಸಿಗೆ ಯಾವ ಮುಖ ಇಟ್ಕೊಂಡು ಹೋಗ್ಲಿ, ನೀನೇ ಹೇಳು."

ಅವನು ಎದ್ದು ಬಿಸಿನೀರು ಕಾಯಿಸಿ ಸ್ನಾನ ಮಾಡಿದ, ಒಂದು ಮಾತ್ರೆ ನುಂಗಿದ, ಒಳಗೆ ಹೋಗಿ ಮಲಗಿಬಿಟ್ಟ. ನಿದ್ದೆಯೂ ಬಂತು ಅವನಿಗೆ. ಗೊರಕೆ ಮುಂದಿನ ಕೋಣೆಯವರೆಗೂ ಕೇಳುತ್ತಿತ್ತು. ಎದ್ದು ಹೋಗಿ ಆಫೀಸಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿಬಿಡಲೇ ಎಂದುಕೊಂಡಳು. ಅಷ್ಟರಲ್ಲಿ ನೆಲಮಾಳಿಗೆಯಲ್ಲಿ ಹಳೆಯ ಫೋಟೋಗಳ ಮಧ್ಯೆ, ಬೆರಳು ಜೋಮು ಹಿಡಿದ ಕೈಯಿಂದ ತಾರೀಕು ಬರೆಯುತ್ತಾ ಕೂತ ಗಂಡ ಕಣ್ಣಿಗೆ ಕಟ್ಟಿದ. ಫೋನಿನ ಹತ್ತಿರ ಹೋಗಲಿಲ್ಲ. ಕಿಟಕಿಯ ಮುಂದೆ ಕೂತು, ಹೊಲಿಗೆ ಬಿಚ್ಚುವ ಚೂಪುಕಡ್ಡಿ ಕೈಗೆ ತೆಗೆದುಕೊಂಡಳು.

ಒಂದು ಕೊಕ್ಕೆಯ ಬಳಿಯ ಚೌಕದಲ್ಲಿ ಒಂದು ಎಳೆ ಕತ್ತರಿಸಿದ ಕೂಡಲೇ ಕೈ ನಿಂತಿತು. ಕತ್ತರಿಸಿದ ದಾರದ ತುದಿ ಚೊಕ್ಕವಾಗಿರುತ್ತದೆ. ಭಾರಕ್ಕೆ ಹರಿದ ದಾರ ಹಾಗಿರುವುದಿಲ್ಲ. ಅದು ನಾರು ನಾರಾಗಿ ಬಿಟ್ಟುಕೊಳ್ಳುತ್ತದೆ, ಎಳೆಯಲ್ಪಟ್ಟ ಕಡೆಗೆ ತೂತು ಉದ್ದವಾಗುತ್ತದೆ. ಹೀಗೇ ಕತ್ತರಿಸಿ ಕೊಟ್ಟುಬಿಟ್ಟರೆ ಕಣ್ಣಿದ್ದವರು ಯಾರಾದರೂ ಇದು ಕತ್ತರಿಸಿದ್ದು ಎಂದು ಹಿಡಿದುಬಿಡುತ್ತಾರೆ. ಹಿಡಿಯಲಿ ಬಿಡು ಎಂದು ಒಂದು ಕ್ಷಣ ಅನ್ನಿಸಿತು. ಆ ಕ್ಷಣ ಕಳೆಯಿತು. ಅರೆಬರೆ ಕೆಲಸ ಮಾಡಿ ಗೊತ್ತಿದ್ದ ಕೈಯಲ್ಲ ಅದು.

ಚೂಪುಕಡ್ಡಿ ಕೆಳಗಿಟ್ಟು ಇಕ್ಕಳ ತೆಗೆದುಕೊಂಡಳು. ಒಂದೊಂದೇ ಎಳೆಯನ್ನು ಮೊಂಡು ಕೀಲಿಕೈಯಿಂದ ಉಜ್ಜಿ ಸವೆಸಿ, ಆಮೇಲೆ ಇಕ್ಕಳದಿಂದ ಹಿಡಿದು ಹರಿಯುವವರೆಗೂ ಎಳೆದಳು. ಸುಲಭಕ್ಕೆ ಬರಲಿಲ್ಲ. ಬೆವರು ಬಂತು. ತಾನೇ ಬಿಗಿದ ದಾರ ತನ್ನ ಜೊತೆಯೇ ಜಗಳಕ್ಕೆ ನಿಂತಿದೆ ಅನ್ನಿಸಿ ಒಮ್ಮೆ ನಗುವೂ ಬಂತು, ಅದರ ಹಿಂದೆಯೇ ಅಳುವೂ ಬಂತು. ದಬ್ಬಳದಿಂದ ತೂತುಗಳನ್ನು ಒಂದೇ ಕಡೆಗೆ ಹಿಗ್ಗಿಸಿದಳು. ನಾಲ್ಕನೆಯ ಮೂಲೆಯಲ್ಲಿ ಎರಡು ಹೊಲಿಗೆಯನ್ನು ಹಾಗೇ ಉಳಿಸಿದಳು, ನಿಜವಾಗಿ ಹರಿದದ್ದು ಯಾವಾಗಲೂ ಎಲ್ಲೋ ಒಂದು ಕಡೆ ಅಂಟಿಕೊಂಡಿರುತ್ತದೆ. ಹೊಸ್ತಿಲ ಹೊರಗಿನ ಧೂಳನ್ನು ಬೆರಳಿನಲ್ಲಿ ತೆಗೆದು ನಾರಿನ ತುದಿಗಳಿಗೆ ಸವರಿದಳು. ಕೊನೆಗೆ ಖಾಲಿ ಬಕಲಿಗೆ ಪಟ್ಟಿಯ ಬಾಲವನ್ನು ತೂರಿಸಿ, ಒಂದು ಸುತ್ತು, ಮರಳಿ ಇನ್ನೊಂದು ಸುತ್ತು ಹಾಕಿ ಬಿಗಿದಳು. ಅವನು ಮಾಡಬೇಕಾಗಿದ್ದದ್ದು ಅಷ್ಟೇ ಆಗಿತ್ತು. ಅರ್ಧ ನಿಮಿಷದ ಕೆಲಸ.

ಬೆಳಿಗ್ಗೆ ಅವನು ಪಟ್ಟಿಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಕಿಟಕಿಯ ಬೆಳಕಿಗೆ ಹಿಡಿದ.

"ಅಬ್ಬಾ, ಹೇಗೆ ಬಿಟ್ಕೊಂಡಿದೆ ನೋಡು," ಎಂದ. "ಇಷ್ಟು ಭಾರಕ್ಕೆ ಹತ್ತಿ ದಾರ ತಡೆಯಲ್ಲ ಅಂತ ಕಾಣತ್ತೆ."

"ಅದು ಹತ್ತಿ ದಾರ ಅಲ್ಲ," ಎಂದಳು ಅವಳು. ಅವನಿಗೆ ಕೇಳಿಸಿತೋ ಇಲ್ಲವೋ, ಬಾಗಿಲು ದಾಟಿ ಹೋಗಿಯಾಗಿತ್ತು.

ಆಫೀಸಿನಲ್ಲಿ ಎಲ್ಲ ಸುಸೂತ್ರವಾಗಿ ಮುಗಿಯಿತು. ಮುಖ್ಯಸ್ಥರು ಪಟ್ಟಿ ನೋಡಿ ತಲೆ ಅಲ್ಲಾಡಿಸಿ, ನನ್ನದೂ ತಪ್ಪಿದೆ, ನಾನೇ ಹೊಗಳಿ ಅಟ್ಟಕ್ಕೇರಿಸಿದೆ ಎಂದರಂತೆ. ಪಟ್ಟಿ ಮೇಜಿನಿಂದ ಮೇಜಿಗೆ ಹೋಯಿತಂತೆ. ಇನ್ನು ಮುಂದೆ ಯಾರೂ ಮನೆಯಲ್ಲಿ ಮಾಡಿದ್ದನ್ನು ಬಳಸಬಾರದು, ಚೀಲ ಪಟ್ಟಿ ಎಲ್ಲ ಆಫೀಸಿನಿಂದಲೇ ಎಂದು ಆದೇಶವಾಯಿತು. ಅವನಿಗೆ ಹೊಸ ಕ್ಯಾಮೆರಾ ಬಂತು. ಅವಳಿಗೆ, ಉಳಿದ ಪಟ್ಟಿಗಳು ಸದ್ಯಕ್ಕೆ ಬೇಡ ಎಂಬ ಮಾತು ಬಂತು. ಎಲ್ಲರೂ ಎಷ್ಟು ಮೃದುವಾಗಿ ಹೇಳಿದರೆಂದರೆ, ತಿರುಗಿ ಒಂದು ಮಾತು ಆಡಲು ಕೂಡ ಅವಳಿಗೆ ಜಾಗ ಸಿಗಲಿಲ್ಲ. ಆಫೀಸಿನ ಸ್ವಾಗತದ ಮೇಜಿನಾಕೆ ಜಿಪ್ಪು ಹಾಕಲು ಕೊಟ್ಟಿದ್ದ ಕೋಟನ್ನು ತೆಗೆದುಕೊಂಡು ಹೋಗುವಾಗ, ಬಾಗಿಲಲ್ಲೇ ನಿಂತು ಜಿಪ್ಪನ್ನು ನಾಲ್ಕು ಸಲ ಮೇಲೆ ಕೆಳಗೆ ಎಳೆದು ನೋಡಿದಳು. ಪಕ್ಕದ ಮನೆಯಾಕೆಯ ಪ್ಯಾಂಟು ಹೇಗೂ ಮೂಲೆಯಲ್ಲಿ ಕಾಯುತ್ತಿತ್ತು. ಅವಳು ಅಂಚು ಮಡಿಸಲು ಕೂತಳು.

ಮೂರು ತಿಂಗಳ ಮೇಲೆ ಒಂದು ರಜೆಯ ದಿನ ಗುಬ್ಬಚ್ಚಿ ಬಂದಳು. ಗಂಡ ಒಳಗೆ ಹೊಸ ಲೆನ್ಸು ಒರೆಸುತ್ತಾ ಕೂತಿದ್ದ. ಗುಬ್ಬಚ್ಚಿ ಹೊಲಿಗೆಯ ಮೇಜಿನ ಹತ್ತಿರವೇ ನಿಂತು, ಆಫೀಸು ಕೊಟ್ಟ ಪಟ್ಟಿಯನ್ನು ಹೆಗಲಿನಿಂದ ಇಳಿಸಿದಳು. ಅದಕ್ಕೆ ಎರಡು ಗಂಟು ಹಾಕಿದ್ದಳು. ಕತ್ತಿನ ಗುರುತು ಕಪ್ಪಾಗಿತ್ತು.

"ಅಕ್ಕ, ನನಗೊಂದು ಹೊಲ್ಕೊಡ್ತೀರಾ? ಯಾರಿಗೂ ಹೇಳಲ್ಲ. ಅಳತೆ ನಿಮ್ಮ ಪುಸ್ತಕದಲ್ಲಿ ಇದೆಯಲ್ಲ," ಎಂದಳು ಮೆಲ್ಲಗೆ.

ಹೆಂಡತಿಯ ಕೈ ನೋಟುಪುಸ್ತಕದ ಕಡೆ ಹೋಯಿತು. ಉತ್ತರ ಕೊಡಲು ಬಾಯಿ ತೆರೆದಳು. ಅಷ್ಟರಲ್ಲಿ ಗಂಡ ಕೈಯಲ್ಲಿ ಲೆನ್ಸು ಹಿಡಿದುಕೊಂಡೇ ಬಾಗಿಲಿಗೆ ಬಂದ.

"ಬೇಡಮ್ಮ," ಎಂದ. "ಪಾಪ, ಇವಳು ಇಷ್ಟಪಟ್ಟೇ ಹೊಲೀತಾಳೆ. ಆದ್ರೆ ಕಣ್ಣು ಮೊದಲಿನ ಹಾಗಿಲ್ಲ. ನನ್ನ ಕ್ಯಾಮೆರಾ ಹೋಗಿದ್ದು ಹೋಯ್ತು. ನಿನ್ನದೂ ಹೋದ್ರೆ, ನೀನಿನ್ನೂ ಹೊಸಬಳು, ಯಾರೂ ನಿನ್ನ ಪರ ನಿಲ್ಲಲ್ಲ."

ಅವಳು ಗಂಡನ ಮುಖ ನೋಡಿದಳು. ಹೊರಗಿನವರ ಮುಂದೆ ಆಡುವ ಮಾತಿನ ಕಳ್ಳತನ ಅಲ್ಲೆಲ್ಲಾದರೂ ಇದೆಯೇ ಎಂದು ಹುಡುಕಿದಳು. ಇರಲಿಲ್ಲ. ಇದ್ದದ್ದು ನಿಜವಾದ ಕಾಳಜಿ. ಗುಬ್ಬಚ್ಚಿ ಅವನನ್ನೂ ಅವಳನ್ನೂ ನೋಡಿ, ಆಯ್ತು ಅಕ್ಕ ಎಂದು ಪಟ್ಟಿಯನ್ನು ಮತ್ತೆ ಕತ್ತಿಗೆ ಹಾಕಿಕೊಂಡು ಹೋದಳು.

ಬಾಗಿಲು ಹಾಕಿ ಬಂದ ಗಂಡ ಅವಳ ಹೆಗಲ ಮೇಲೆ ಕೈಯಿಟ್ಟ.

"ಬೇಜಾರು ಮಾಡ್ಕೋಬೇಡ. ತಪ್ಪು ಯಾರಿಗಾದ್ರೂ ಆಗತ್ತೆ. ನಾನೇನಾದ್ರೂ ಒಂದು ದಿನ ಅದನ್ನ ಎತ್ತಿ ಆಡಿದೀನಾ?"

"ಬಕಲಿಗೆ ಒಂದೇ ಸುತ್ತು ಹಾಕಿದ್ದು ನೀವು," ಎಂದಳು ಅವಳು. ಮೂರು ತಿಂಗಳಿಂದ ನಾಲಿಗೆಯ ತುದಿಯಲ್ಲಿದ್ದ ಮಾತು. ಹೊರಗೆ ಬಂದಾಗ ತೀರಾ ಸಣ್ಣದಾಗಿತ್ತು.

ಅವನು ಕೈ ತೆಗೆಯಲಿಲ್ಲ. ಚಿಕ್ಕ ಮಕ್ಕಳಿಗೆ ಸಮಾಧಾನ ಹೇಳುವವನ ಹಾಗೆ ಅವಳನ್ನು ನೋಡಿದ.

"ಒಂದೋ ಎರಡೋ, ಅದೆಲ್ಲ ಈಗ ಯಾಕೆ? ಪಟ್ಟಿ ನಾನೂ ನೋಡಿದೀನಿ, ಮುಖ್ಯಸ್ಥರೂ ನೋಡಿದಾರೆ, ಇಡೀ ಆಫೀಸೇ ನೋಡಿದೆ," ಎಂದ. "ಬಕಲು ಸರಿಯಾಗೇ ಇತ್ತು. ಎರಡು ಸುತ್ತು, ಬಿಗಿಯಾಗಿ. ಕಿತ್ತು ಬಂದಿದ್ದು ಹೊಲಿಗೆ. ನಾರು ನಾರಾಗಿ ಕಿತ್ತು ಬಂದಿತ್ತು."